ಟಾರಿನೊಳಗಿನ ಪ್ಲಾಸ್ಟಿಕ್, ಕಾಲಡಿಯ ಪ್ಲಾಸ್ಟಿಕ್

2019ರ ಆಗಸ್ಟ್ ತಿಂಗಳ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿತು. ಜಾರಿದ ಕಸ ತಗ್ಗಿನಲ್ಲಿದ್ದ ಮಂದಾರದ ಅಡಿಕೆ ತೋಟಗಳಿಗೆ ನುಗ್ಗಿತು, ಮನೆಗಳನ್ನು ಸುತ್ತುವರಿಯಿತು. ಅಲ್ಲಿ ಬಾಳಿ ಬದುಕಿದ್ದ ಕುಟುಂಬಗಳು ಮನೆ ಬಿಟ್ಟು ಹೊರಡಬೇಕಾಯಿತು. ಅದಕ್ಕೆ ಐದು ವರ್ಷ ಮೊದಲು, ಬೆಂಗಳೂರಿನ ಕಸ ಹೊತ್ತು ಸಾಕಾದ ಮಂಡೂರಿನ ಜನ ಬೀದಿಗಿಳಿದು ಲಾರಿಗಳನ್ನು ತಡೆದಿದ್ದರು. ಅದಕ್ಕೂ ಮೊದಲು ಮಾವಳ್ಳಿಪುರದವರು ತಡೆದಿದ್ದರು. ಒಂದೂರಿನ ಕಸವನ್ನು ಇನ್ನೊಂದೂರಿನ ಮೇಲೆ ಸುರಿಯುವ ಈ ಪದ್ಧತಿಯಲ್ಲಿ ಹಸಿಕಸವಾದರೂ ಇಂದಲ್ಲ ನಾಳೆ ಮಣ್ಣಾಗುತ್ತದೆ. ಪ್ಲಾಸ್ಟಿಕ್ ಸುರಿದ ಹಾಗೆಯೇ ಉಳಿಯುತ್ತದೆ. ಹಾಗಾಗಿ ಯಾರಾದರೂ ಬಂದು ‘ಈ ಪ್ಲಾಸ್ಟಿಕ್ಕನ್ನು ಕರಗಿಸಿ ರಸ್ತೆಗೆ ಹಾಕೋಣ, ಕಲ್ಲು ಮಾಡಿ ಫುಟ್‌ಪಾತಿಗೆ ಹಾಸೋಣ’ ಎಂದರೆ ನಮ್ಮ ಮನಸ್ಸು ಒಮ್ಮೆಗೇ ಒಪ್ಪಿಬಿಡುತ್ತದೆ. ಕಣ್ಣೆದುರಿನ ಸಂಕಟ ಅಷ್ಟು ದೊಡ್ಡದು.

ಆದರೆ ‘ಪ್ಲಾಸ್ಟಿಕ್ ರಸ್ತೆ’ ಎಂಬ ಒಂದೇ ಹೆಸರಿನಡಿ ನಾವು ಎರಡು ಬೇರೆ ಬೇರೆ ವಸ್ತುಗಳ ಬಗ್ಗೆ ಮಾತಾಡುತ್ತಿದ್ದೇವೆ. ಒಂದು, ಟಾರಿನ ಜೊತೆ ಅಲ್ಪ ಪ್ರಮಾಣದಲ್ಲಿ ಪ್ಲಾಸ್ಟಿಕ್ ಬೆರೆಸಿ ಹಾಕುವ ರಸ್ತೆ. ಇನ್ನೊಂದು, ಪ್ಲಾಸ್ಟಿಕ್ಕನ್ನೇ ಅಂಟಾಗಿ ಬಳಸಿ ಮರಳಿನೊಡನೆ ಅಚ್ಚೊತ್ತಿದ ಇಂಟರ್‌ಲಾಕ್ ಕಲ್ಲು. ಮೊದಲನೆಯದಕ್ಕೆ ಇಪ್ಪತ್ತು ವರ್ಷಕ್ಕೂ ಮೀರಿದ ಅನುಭವ, ಲಿಖಿತ ಮಾರ್ಗಸೂಚಿ, ಸರ್ಕಾರದ ಆದೇಶ ಎಲ್ಲವೂ ಇವೆ, ಬಳಕೆಯಲ್ಲಿ ಉತ್ಸಾಹ ಇಲ್ಲ. ಎರಡನೆಯದರ ಸುತ್ತ ಉತ್ಸಾಹ ಬೆಳೆಯುತ್ತಿದೆ, ಅದಕ್ಕೆ ತಕ್ಕ ಪರೀಕ್ಷೆ ಬೆಳೆದಿಲ್ಲ. ಇವೆರಡನ್ನೂ ಒಂದೇ ತಕ್ಕಡಿಗೆ ಹಾಕುವುದರಿಂದ ಒಳ್ಳೆಯದಕ್ಕೆ ಸಿಗಬೇಕಾದ ಬಲ ಸಿಗುತ್ತಿಲ್ಲ, ಕೇಳಬೇಕಾದ ಪ್ರಶ್ನೆಗಳನ್ನು ಕೇಳುವವರೂ ಇಲ್ಲ.

ಟಾರಿನ ಕತೆಯಲ್ಲಿ ಕರ್ನಾಟಕದ ಪಾಲು ದೊಡ್ಡದು, ಅದು ನಮ್ಮವರಿಗೇ ಅಷ್ಟಾಗಿ ಗೊತ್ತಿಲ್ಲ. ಬೆಂಗಳೂರಿನಲ್ಲಿ ಪ್ಲಾಸ್ಟಿಕ್ ಚೀಲ ತಯಾರಿಸುತ್ತಿದ್ದ ಅಹ್ಮದ್ ಖಾನ್ ಮತ್ತು ರಸೂಲ್ ಖಾನ್ ಸೋದರರು, ತಾವು ಮಾರಿದ ಚೀಲಗಳೇ ಚರಂಡಿ ಕಟ್ಟಿ ನಿಲ್ಲುವುದರ ವಿರುದ್ಧ ಕೂಗೆದ್ದಾಗ, ಅವನ್ನು ಟಾರಿನಲ್ಲಿ ಬೆರೆಸಬಹುದೇ ಎಂದು ಪ್ರಯೋಗಕ್ಕಿಳಿದರು. ಬೆಂಗಳೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಸಿ.ಇ.ಜಿ. ಜಸ್ಟೊ ಮತ್ತು ಎ. ವೀರರಾಘವನ್ 2002ರಲ್ಲಿ ಆ ಮಿಶ್ರಣವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. ಟಾರಿನ ತೂಕದ ಶೇ 8ರಷ್ಟು ಸಂಸ್ಕರಿಸಿದ ಪ್ಲಾಸ್ಟಿಕ್ ಸೇರಿಸಿದಾಗ ಮಿಶ್ರಣ ಭಾರ ತಾಳುವ ಶಕ್ತಿ ಎರಡು ಮೂರು ಪಟ್ಟು ಹೆಚ್ಚಿತು. ಟಾರು ಸ್ವಲ್ಪ ಕಡಿಮೆಯೇ ಸಾಕಾಯಿತು. ನಂತರ ಬೆಂಗಳೂರಿನ ಎಷ್ಟೋ ರಸ್ತೆಗಳಿಗೆ ಆ ಮಿಶ್ರಣ ಬಿತ್ತು. ಚಿಂದಿ ಆಯುವವರು ಮುಟ್ಟದೆ ಬಿಡುತ್ತಿದ್ದ ತೆಳು ಚೀಲಗಳಿಗೆ ಆ ಸೋದರರ ಸಂಸ್ಥೆ ಕೆಜಿಗೆ 6 ರೂಪಾಯಿಯಂತೆ ಕೊಟ್ಟು ಕೊಳ್ಳುತ್ತಿತ್ತು. ಬೆಲೆಯ ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಜೀವಾಳ ಅಲ್ಲಿದೆ.

ಅದೇ ಹೊತ್ತಿಗೆ ಮದುರೆಯ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ಆರ್. ವಾಸುದೇವನ್ ಇನ್ನೊಂದು ದಾರಿ ಹಿಡಿದಿದ್ದರು. ಟಾರಿಗೆ ಪ್ಲಾಸ್ಟಿಕ್ ಬೆರೆಸುವ ಬದಲು ಅವರು ಜಲ್ಲಿಗೇ ಅದನ್ನು ಲೇಪಿಸಿದರು. ಹಾಟ್ ಮಿಕ್ಸ್ ಪ್ಲಾಂಟಿನಲ್ಲಿ ಜಲ್ಲಿಯನ್ನು 160–170 ಡಿಗ್ರಿವರೆಗೆ ಹೇಗೂ ಕಾಯಿಸುತ್ತಾರೆ. ಆ ಬಿಸಿ ಜಲ್ಲಿಯ ಮೇಲೆ ಎರಡು ಮೂರು ಮಿಲಿಮೀಟರ್ ಚೂರಾಗಿ ಕತ್ತರಿಸಿದ ಪ್ಲಾಸ್ಟಿಕ್ ಉದುರಿಸಿದರೆ ಕ್ಷಣಗಳಲ್ಲಿ ಕರಗಿ ಪ್ರತಿ ಕಲ್ಲಿಗೂ ತೆಳ್ಳನೆಯ ಪೊರೆಯಾಗಿ ಹತ್ತಿಕೊಳ್ಳುತ್ತದೆ. ಆಮೇಲೆ ಸುರಿದ ಟಾರು ಆ ಪೊರೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಬೇರೆ ಯಂತ್ರ ಬೇಡ, ಬೇರೆ ಇಂಧನ ಬೇಡ. ನಮ್ಮ ರಸ್ತೆಗಳು ಮಳೆಗಾಲದಲ್ಲಿ ಕಿತ್ತು ಬರುವುದಕ್ಕೆ ಒಂದು ಮುಖ್ಯ ಕಾರಣವೆಂದರೆ ನೀರು ಜಲ್ಲಿ ಮತ್ತು ಟಾರಿನ ನಡುವೆ ಇಳಿದು ಅವೆರಡನ್ನೂ ಬಿಡಿಸುವುದು. ನೀರು ಹತ್ತದ ಪ್ಲಾಸ್ಟಿಕ್ ಪೊರೆ ಅದನ್ನು ತಡೆಯುತ್ತದೆ. ಚೆನ್ನೈನ ಜಂಬುಲಿಂಗಂ ಬೀದಿಗೆ 2002ರಲ್ಲಿ ಹೀಗೆ ಟಾರು ಹಾಕಿದರು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2008ರಲ್ಲಿ ಪ್ರಕಟಿಸಿದ ವರದಿಗಾಗಿ ಆ ಬೀದಿಯೂ ಸೇರಿ ತಮಿಳುನಾಡಿನ ಹಲವು ರಸ್ತೆಗಳನ್ನು ಪರೀಕ್ಷಿಸಿದಾಗ ಅವು ಹೊಂಡ ಬೀಳದೆ ಉಳಿದಿದ್ದವು. ಕಾಲೇಜಿಗೆ ಇದರ ಪೇಟೆಂಟ್ 2006ರಲ್ಲಿ ಸಿಕ್ಕಿತು. ವಾಸುದೇವನ್ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ಪ್ರಯೋಗಾಲಯದಲ್ಲಿ ಹುಟ್ಟಿದ್ದು ಕಡತಕ್ಕೂ ಏರಿದೆ. ಭಾರತೀಯ ರಸ್ತೆ ಕಾಂಗ್ರೆಸ್ 2013ರಲ್ಲಿ ಈ ವಿಧಾನಕ್ಕೆ ಮಾರ್ಗಸೂಚಿ ಪ್ರಕಟಿಸಿತು. 2015ರ ನವೆಂಬರಿನಲ್ಲಿ ಕೇಂದ್ರ ಹೆದ್ದಾರಿ ಸಚಿವಾಲಯ, 5 ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳ ಸುತ್ತಲಿನ 50 ಕಿಲೋಮೀಟರ್ ವ್ಯಾಪ್ತಿಯ ಹೆದ್ದಾರಿ ಕಾಮಗಾರಿಗಳಲ್ಲಿ ಪ್ಲಾಸ್ಟಿಕ್ ಬಳಕೆಯೇ ನಿಯಮ, ಬಳಸದಿರುವುದು ಅಪವಾದ ಎಂದು ಹೇಳಿತು. ನಮ್ಮಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಎಲ್ಲವೂ ಆ ಲೆಕ್ಕಕ್ಕೆ ಬರುತ್ತವೆ. ಇಷ್ಟೆಲ್ಲ ಇದ್ದೂ ನಮ್ಮೂರಿನ ರಸ್ತೆಗೆ ಟಾರು ಬೀಳುವ ದಿನ ಗುತ್ತಿಗೆದಾರರ ಬಳಿ ಹೋಗಿ ಪ್ಲಾಸ್ಟಿಕ್ ಎಷ್ಟು ಹಾಕಿದಿರಿ ಎಂದು ಕೇಳಿ ನೋಡಿ. ಪ್ರಶ್ನೆಯೇ ಅವರಿಗೆ ಹೊಸದಾಗಿ ಕೇಳಿಸುತ್ತದೆ. ಬೆಂಗಳೂರಿನಲ್ಲಂತೂ ಮುಖ್ಯ ರಸ್ತೆಗಳು ವೈಟ್‌ಟಾಪಿಂಗ್ ಎಂಬ ಕಾಂಕ್ರೀಟಿನ ಹೊದಿಕೆಗೆ ಹೋಗುತ್ತಿವೆ. ಅಲ್ಲಿ ಈ ವಿಧಾನಕ್ಕೆ ಜಾಗವೇ ಇಲ್ಲ.

ಹಿಂಜರಿಕೆಗೆ ಗುತ್ತಿಗೆದಾರರನ್ನಷ್ಟೇ ದೂರುವುದು ನ್ಯಾಯವಲ್ಲ. ಈ ಕೆಲಸಕ್ಕೆ ಬೇಕಾದದ್ದು ಬೀದಿಯಲ್ಲಿ ಬಿದ್ದ ಯಾವುದೋ ಪ್ಲಾಸ್ಟಿಕ್ ಅಲ್ಲ. ಹಾಲಿನ ಕವರು, ದಿನಸಿ ಚೀಲ, ಸುತ್ತುಹಾಳೆಯಂಥ ಪಾಲಿಥೀನ್ ಜಾತಿಯದು ಬೇಕು. ಅದೂ ತೊಳೆದು ಒಣಗಿ, ಮಣ್ಣು, ಅನ್ನ, ಸಾಂಬಾರಿನ ಅಂಟಿಲ್ಲದೆ ಇರಬೇಕು. ಪಿವಿಸಿ ಸೇರಲೇಬಾರದು. ಕಾಯಿಸಿದಾಗ ಅದರಿಂದ ಕ್ಲೋರಿನ್ ಅಂಶದ ವಿಷಾನಿಲ ಬರುತ್ತದೆ, ಅದನ್ನು ಕುಡಿಯುವವರು ಪ್ಲಾಂಟಿನ ಪಕ್ಕ ಮುಖಕ್ಕೆ ಟವೆಲ್ ಸುತ್ತಿಕೊಂಡು ನಿಂತ ಕೂಲಿಗಳು. ಚಿಪ್ಸ್ ಪೊಟ್ಟಣದ ಒಳಗಿನ ಅಲ್ಯುಮಿನಿಯಂ ಪದರ ಆ ಬಿಸಿಗೆ ಕರಗುವುದಿಲ್ಲ. ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್ 250 ಡಿಗ್ರಿ ದಾಟಿದ ಮೇಲೆ ಕರಗುವಂಥದ್ದು, ಅದಕ್ಕೆ ಗುಜರಿಯಲ್ಲಿ ಹೇಗೂ ಒಳ್ಳೆಯ ಬೆಲೆಯಿದೆ. ಇದನ್ನೆಲ್ಲ ಬೇರ್ಪಡಿಸುವವರು ಯಂತ್ರಗಳಲ್ಲ. ನಗರದಲ್ಲಿ ಒಣಕಸ ಕೇಂದ್ರದ ನೆಲದ ಮೇಲೆ ಕೂತ ಹೆಂಗಸರು, ಹಳ್ಳಿಯಲ್ಲಿ ಪಂಚಾಯಿತಿಯ ಸ್ವಚ್ಛ ಸಂಕೀರ್ಣದಲ್ಲಿ ಕೆಲಸ ಮಾಡುವ ಸ್ವಸಹಾಯ ಸಂಘದ ಸದಸ್ಯೆಯರು. ಒಂದೊಂದು ಕವರನ್ನೂ ಮುಟ್ಟಿ, ಕಿವಿಯ ಹತ್ತಿರ ಹಿಡಿದು ಕಸಕ್ಕನೆ ಶಬ್ದ ಮಾಡಿಸಿ, ಇದು ಎಲ್‌ಡಿ, ಇದು ಪಿಪಿ ಎಂದು ಅವರು ಹೇಳಬಲ್ಲರು. ಆ ಜಾಣ್ಮೆಗೆ ಪದವಿ ಇಲ್ಲ, ತಕ್ಕ ಸಂಬಳವೂ ಇಲ್ಲ.

ಟಾರು ರಸ್ತೆಗೆ ಪ್ಲಾಸ್ಟಿಕ್ ಬರಬೇಕೆಂದರೆ ಅವರಿಗೆ ಬೆಲೆ ಸಿಗಬೇಕು. ಬಾಟಲಿ ಆಯ್ದರೆ ಅಂದಂದೇ ದುಡ್ಡು ಕೈಗೆ ಬರುತ್ತದೆ. ನೂರಾರು ತೆಳು ಕವರು ಆಯ್ದರೂ ಒಂದು ಕೆಜಿ ತೂಗುವುದಿಲ್ಲ. ಹೀಗಿರುವಾಗ ಅವನ್ನು ಆಯ್ದು, ತೊಳೆದು, ಒಣಗಿಸಿ ಕೊಡಿ ಎಂದು ಬಿಟ್ಟಿ ಕೇಳುವುದು ತಪ್ಪು. ಅಂದು ಕೆಜಿಗೆ 6 ರೂಪಾಯಿ ಕೊಟ್ಟಾಗ ಚೀಲಗಳು ಹುಡುಕಿಕೊಂಡು ಬಂದವು. ಈಗ ಅನೇಕ ಕಡೆ ತೆಳು ಪ್ಲಾಸ್ಟಿಕ್ಕನ್ನು ಒಣಕಸ ಕೇಂದ್ರದಿಂದ ಸಾಗಿಸಲು ಅಲ್ಲಿನವರೇ ದುಡ್ಡು ಹುಡುಕಬೇಕಾದ ಸ್ಥಿತಿ. ಅದು ಲಾರಿ ಏರಿ ಸಿಮೆಂಟ್ ಕಾರ್ಖಾನೆಗಳ ಕುಲುಮೆ ಸೇರುತ್ತದೆ, ಕಲ್ಲಿದ್ದಲಿನ ಜೊತೆ ಉರಿದುಹೋಗುತ್ತದೆ. ಮಾರ್ಗಸೂಚಿ ಎಷ್ಟು ಚೆನ್ನಾಗಿದ್ದರೂ ಅಂದಾಜುಪಟ್ಟಿಯಲ್ಲಿ ಪ್ಲಾಸ್ಟಿಕ್ಕಿಗೆ ಒಂದು ಸಾಲು, ಆ ಸಾಲಿನ ಮುಂದೆ ಒಂದು ದರ ಇಲ್ಲದಿದ್ದರೆ ಕೆಲಸ ಮುಂದೆ ಸಾಗುವುದಿಲ್ಲ.

ಇನ್ನು ಪ್ರಮಾಣದ ಮಾತು. ಒಂದು ಕಿಲೋಮೀಟರ್ ಉದ್ದದ ಏಕಪಥ ರಸ್ತೆಯ ಮೇಲ್ಪದರಕ್ಕೆ ಹತ್ತು ಟನ್ ಆಸುಪಾಸು ಟಾರು ಬೇಕು. ಅದರಲ್ಲಿ ಪ್ಲಾಸ್ಟಿಕ್ಕಿನ ಪಾಲು ಹೆಚ್ಚೆಂದರೆ ಒಂದು ಟನ್. 2020–21ರಲ್ಲಿ ದೇಶದಲ್ಲಿ ಹುಟ್ಟಿದ ಪ್ಲಾಸ್ಟಿಕ್ ಕಸ ಸುಮಾರು 41 ಲಕ್ಷ ಟನ್ ಎಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರದಿ ಹೇಳುತ್ತದೆ. ಒಂದೇ ವರ್ಷದಲ್ಲಿ ಒಂದು ಲಕ್ಷ ಕಿಲೋಮೀಟರ್ ರಸ್ತೆಗೆ ಹೀಗೆ ಟಾರು ಹಾಕಿದರೂ ಖರ್ಚಾಗುವುದು ಒಂದು ಲಕ್ಷ ಟನ್, ನಲವತ್ತೊಂದರಲ್ಲಿ ಒಂದು ಪಾಲು. ಈ ಲೆಕ್ಕವನ್ನು ನಾನು ಉತ್ಸಾಹ ಕುಗ್ಗಿಸಲು ಹೇಳುತ್ತಿಲ್ಲ. ಒಂದು ಲಕ್ಷ ಟನ್ ತೆಳು ಪ್ಲಾಸ್ಟಿಕ್ ಸಣ್ಣದಲ್ಲ, ಅದು ಎಷ್ಟೋ ಕೆರೆಕಾಲುವೆಗಳಿಗೆ, ಎಷ್ಟೋ ಹಸುಗಳ ಹೊಟ್ಟೆಗೆ ಸೇರದೆ ಉಳಿಯುವ ಪ್ಲಾಸ್ಟಿಕ್. ಆದರೆ ‘ರಸ್ತೆಗೆ ಹಾಕುತ್ತಾರಲ್ಲ, ಇನ್ನು ಬಳಸಿದರೇನು’ ಎಂದು ಯಾರಾದರೂ ಹೇಳಿದರೆ ಈ ಲೆಕ್ಕವನ್ನು ಅವರ ಮುಂದೆ ಇಡಲೇಬೇಕು. ಕರ್ನಾಟಕ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಚೀಲ ನಿಷೇಧಿಸಿತು. 2022ರ ಜುಲೈ 1ರಿಂದ ದೇಶದಾದ್ಯಂತ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧ ಬಂತು. ಸಂತೆಯಲ್ಲಿ ಇಂದಿಗೂ ಸೊಪ್ಪು ಪ್ಲಾಸ್ಟಿಕ್ ಚೀಲದಲ್ಲೇ ಮನೆಗೆ ಬರುತ್ತಿದೆ. ರಸ್ತೆಯ ಹೆಸರು ಹೇಳಿ ಆ ನಿಷೇಧವನ್ನು ಸಡಿಲಿಸುವ ಮಾತು ಬಂದರೆ ಅದನ್ನು ವಿರೋಧಿಸಬೇಕು.

ಕಾನೂನೂ ಹಾಗೇ ಹೇಳುತ್ತದೆ. ಉತ್ಪಾದಕರೇ ತಮ್ಮ ಪ್ಯಾಕಿಂಗ್ ಪ್ಲಾಸ್ಟಿಕ್ಕಿನ ಹೊಣೆ ಹೊರಬೇಕೆಂದು 2022ರ ಫೆಬ್ರವರಿಯಲ್ಲಿ ಬಂದ ತಿದ್ದುಪಡಿ, ರಸ್ತೆಗೆ ಬಳಸುವುದನ್ನು ಮರುಬಳಕೆಯ ಸಾಲಿಗೆ ಸೇರಿಸಿಲ್ಲ. ಸಿಮೆಂಟ್ ಕುಲುಮೆಯಲ್ಲಿ ಸುಡುವುದು, ಎಣ್ಣೆಯಾಗಿಸುವುದು ಇವುಗಳ ಜೊತೆಗೆ ಅಂತಿಮ ವಿಲೇವಾರಿ ಎಂಬ ಪಟ್ಟಿಯಲ್ಲಿ ಅದನ್ನು ಇಟ್ಟಿದೆ. ಬೇರೆ ಯಾವ ರೀತಿಯಲ್ಲೂ ಮತ್ತೆ ಬಳಸಲಾಗದ ಪ್ಲಾಸ್ಟಿಕ್ ಮಾತ್ರ ಅಲ್ಲಿಗೆ ಹೋಗಬೇಕು. ಈ ಕ್ರಮ ಸರಿಯಾಗಿದೆ. ಬಕೆಟ್ಟಾಗಿ, ಪೈಪಾಗಿ, ನೂಲಾಗಿ ಇನ್ನೊಮ್ಮೆ ಬಾಳಬಲ್ಲ ಪ್ಲಾಸ್ಟಿಕ್ಕನ್ನು ರಸ್ತೆಯಡಿ ಹೂತರೆ ಅದೊಂದು ನಷ್ಟ.

ಈಗ ಇಂಟರ್‌ಲಾಕ್ ಕಲ್ಲಿನ ವಿಚಾರ. ಇದು ಆಕರ್ಷಕವಾಗಿ ಕಾಣುತ್ತದೆ, ಏಕೆಂದರೆ ಟಾರು ರಸ್ತೆಯಲ್ಲಿ ಶೇ 8ರಷ್ಟು ಟಾರಿನ ಜಾಗವನ್ನಷ್ಟೇ ತುಂಬುವ ಪ್ಲಾಸ್ಟಿಕ್ ಇಲ್ಲಿ ಕಲ್ಲಿನ ತೂಕದ ದೊಡ್ಡ ಪಾಲಾಗುತ್ತದೆ. ಸಿಮೆಂಟ್ ಬೇಡ, ನೀರು ಹಾಕಿ ಕ್ಯೂರಿಂಗ್ ಮಾಡಬೇಕಿಲ್ಲ. ಕೆನ್ಯಾದ ನೈರೋಬಿಯಲ್ಲಿ ನ್ಜಾಂಬಿ ಮಟೀ ಎಂಬ ಯುವತಿ ಪ್ಲಾಸ್ಟಿಕ್ ಮತ್ತು ಮರಳಿನಿಂದ ನೆಲಹಾಸಿನ ಇಟ್ಟಿಗೆ ಮಾಡುವ ಕಾರ್ಖಾನೆ ಕಟ್ಟಿ, 2020ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಯುವ ಪುರಸ್ಕಾರ ಪಡೆದರು. ಅವರ ಕೆಲಸದ ಬಗ್ಗೆ ನನಗೆ ಗೌರವವಿದೆ. ಅವರು ವಸ್ತುವಿಜ್ಞಾನ ಓದಿಕೊಂಡು, ಯಾವ ಪ್ಲಾಸ್ಟಿಕ್ ಯಾವುದರ ಜೊತೆ ಸೇರುತ್ತದೆ ಎಂದು ಪರೀಕ್ಷಿಸಿ, ಯಂತ್ರವನ್ನೂ ತಾವೇ ರೂಪಿಸಿ ಮುಂದೆ ಹೋದವರು. ಇಲ್ಲಿ ಅದರ ವಿಡಿಯೊ ನೋಡಿ, ಒಡೆದ ಡ್ರಮ್ಮಿನಡಿ ಸೌದೆ ಹಚ್ಚಿ, ಸಿಕ್ಕಿದ ಪ್ಲಾಸ್ಟಿಕ್ಕನ್ನೆಲ್ಲ ತುಂಬಿ, ಕೋಲಿನಿಂದ ಕಲಕಿ ಅಚ್ಚಿಗೆ ಸುರಿಯುವವರಿದ್ದಾರೆ. ಅದನ್ನು ಯಾರೂ ಪ್ರೋತ್ಸಾಹಿಸಬಾರದು. ಬಿಸಿ ಎಷ್ಟೆಂದು ಅಳೆಯದೆ ಕರಗಿಸಿದ ಪ್ಲಾಸ್ಟಿಕ್ ಒಂದು ಕಡೆ ಕರಗಿದರೆ ಇನ್ನೊಂದು ಕಡೆ ಸುಡುತ್ತಿರುತ್ತದೆ. ಅದರಲ್ಲೊಂದು ಪಿವಿಸಿ ತುಂಡಿದ್ದರೆ ಡಯಾಕ್ಸಿನ್‌ನಂಥ ಘೋರ ವಿಷವೂ ಹೊಗೆಯಲ್ಲಿರಬಹುದು.

ಚೆನ್ನಾಗಿ ಮಾಡಿದ ಕಲ್ಲಿಗೂ ಮಿತಿಗಳಿವೆ. ಕಾಂಕ್ರೀಟಿನ ಇಂಟರ್‌ಲಾಕ್ ಕಲ್ಲಿಗೆ ಭಾರತೀಯ ಮಾನಕವಿದೆ: ನಡೆದಾಡುವ ಜಾಗಕ್ಕೆ ಎಂ-30, ಹಗುರ ವಾಹನಕ್ಕೆ ಎಂ-35, ಭಾರಿ ವಾಹನಕ್ಕೆ ಎಂ-50 ಎಂದು ದರ್ಜೆ, ದಪ್ಪ, ಸವೆತ ಎಲ್ಲವನ್ನೂ ನಿಗದಿ ಮಾಡಿದೆ. ಅದು ಸಿಮೆಂಟಿನ ಗುಣವನ್ನು ಮನಸ್ಸಿನಲ್ಲಿಟ್ಟು ಬರೆದ ಮಾನಕ. ಯಂತ್ರದಲ್ಲಿ ಒತ್ತಿ ‘ಕಾಂಕ್ರೀಟಿಗಿಂತ ಗಟ್ಟಿ’ ಎಂಬ ಪ್ರಮಾಣಪತ್ರ ತಂದರೆ ಪ್ಲಾಸ್ಟಿಕ್ ಕಲ್ಲಿನ ಪರೀಕ್ಷೆ ಮುಗಿಯುವುದಿಲ್ಲ. ನಿಮಿಷಗಳಲ್ಲಿ ಮುಗಿಯುವ ಆ ಪರೀಕ್ಷೆಯಲ್ಲಿ ತಾಳಿದ ಪ್ಲಾಸ್ಟಿಕ್, ತಿಂಗಳುಗಟ್ಟಲೆ ನಿಂತ ಕಾರಿನ ಚಕ್ರದಡಿ ಮೆಲ್ಲಗೆ ತಗ್ಗಾಗುತ್ತದೆ. ಬಿಸಿಲಿಗೆ ಮೆದುವಾಗುತ್ತದೆ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಗಾಳಿಯ ಉಷ್ಣತೆಯೇ 43 ಡಿಗ್ರಿ ಮುಟ್ಟುತ್ತದೆ, ಕಪ್ಪು ನೆಲದ ಮೇಲ್ಮೈ 60 ದಾಟುತ್ತದೆ. ಅಲ್ಲಿನವರು ಕಾಲಡಿ ಹಾಸಿಕೊಂಡು ಬಂದದ್ದು ಶಹಾಬಾದ್ ಕಲ್ಲು. ಅದನ್ನು ಎಬ್ಬಿಸಿ ಮತ್ತೊಂದು ಕಡೆ ಹಾಸಬಹುದು, ಬೆಂಕಿಗೆ ಅದು ಅಂಜುವುದಿಲ್ಲ. ನಮ್ಮ ಊರುಗಳಲ್ಲಿ ಫುಟ್‌ಪಾತಿನ ಮೇಲೆ ಒಣ ಎಲೆ ಗುಡಿಸಿ ಬೆಂಕಿ ಹಚ್ಚುವ ಅಭ್ಯಾಸ ಇನ್ನೂ ಹೋಗಿಲ್ಲ. ಅಂಥ ಬೆಂಕಿ ಪ್ಲಾಸ್ಟಿಕ್ ನೆಲಹಾಸಿಗೆ ತಗುಲಿದರೆ ಏನಾಗುತ್ತದೆ ಎಂದು ಅದನ್ನು ಕೊಳ್ಳುವ ಪಂಚಾಯಿತಿ ಮೊದಲು ಕೇಳಬೇಕು.

ಸವೆತದ ಪ್ರಶ್ನೆ ಇನ್ನೂ ಮುಖ್ಯ. ಟಾರು ರಸ್ತೆಯೊಳಗಿನ ಪ್ಲಾಸ್ಟಿಕ್ ಜಲ್ಲಿ ಮತ್ತು ಟಾರಿನ ನಡುವೆ ಸಿಕ್ಕಿಕೊಂಡಿದೆ, ಅದಕ್ಕೆ ಬಿಸಿಲು ನೇರವಾಗಿ ತಾಗುವುದು ಕಡಿಮೆ. ಕಲ್ಲಿನಲ್ಲಿ ಹಾಗಲ್ಲ. ಬಿಸಿಲಿಗೆ ಒಣಗಿ ಪೆಡಸಾದ ಮೇಲ್ಮೈ ಮೇಲೆ ಪ್ರತಿದಿನ ಚಪ್ಪಲಿ, ಚಕ್ರ, ಪೊರಕೆ ಉಜ್ಜುತ್ತವೆ. ಉದುರಿದ ಪುಡಿ ಮೊದಲ ಮಳೆಗೆ ಚರಂಡಿ, ಅಲ್ಲಿಂದ ಕೆರೆ ಸೇರುತ್ತದೆ. ಪ್ಲಾಸ್ಟಿಕ್ ಬಳಸಿದ ರಸ್ತೆಗಳ ಕುರಿತು ವಿಶ್ವಬ್ಯಾಂಕ್ 2023ರಲ್ಲಿ ಹೊರತಂದ ವರದಿಯೂ ಕಾಮಗಾರಿ ವೇಳೆಯ ಹೊಗೆ ಮತ್ತು ಮೈಕ್ರೊಪ್ಲಾಸ್ಟಿಕ್ ಕುರಿತು ಹೆಚ್ಚಿನ ಅಧ್ಯಯನ ಆಗಬೇಕಿದೆ ಎಂದಿತು. ಟಾರು ರಸ್ತೆಯ ವಿಷಯದಲ್ಲೇ ಅಷ್ಟು ಎಚ್ಚರಿಕೆ ಬೇಕಾದರೆ, ಮೈಯೆಲ್ಲ ತೆರೆದುಕೊಂಡ ಕಲ್ಲಿನ ವಿಷಯದಲ್ಲಿ ಎಷ್ಟು ಬೇಕು!

ಇದಕ್ಕೆ ಸೇರಿಕೊಂಡ ಇನ್ನೊಂದು ಸಂಗತಿ ನಮ್ಮ ಅಗೆತ. ನಗರಗಳಲ್ಲಿ ರಸ್ತೆ ಮುಗಿದ ವರ್ಷದೊಳಗೆ ನೀರಿನ ಪೈಪಿಗೆ, ಒಳಚರಂಡಿಗೆ, ಕೇಬಲ್ಲಿಗೆ ಮತ್ತೆ ಅಗೆಯುತ್ತಾರೆ. ಅಗೆದು ತೆಗೆದ ಟಾರಿನ ಹೆಂಟೆ, ಮುರಿದ ಕಲ್ಲು ಟ್ರ್ಯಾಕ್ಟರ್ ಏರಿ ಎಲ್ಲಿಗೆ ಹೋಗುತ್ತದೆ? ಬಹಳ ಸಲ ಕೆರೆಯಂಗಳಕ್ಕೆ, ರಾಜಕಾಲುವೆಯ ದಂಡೆಗೆ, ಖಾಲಿ ಸೈಟಿಗೆ. ಇಲ್ಲಿಯವರೆಗೆ ಅದು ಜಲ್ಲಿ, ಸಿಮೆಂಟಿನ ಕಸವಾಗಿತ್ತು. ನಾಳೆ ಅದರಲ್ಲಿ ಪ್ಲಾಸ್ಟಿಕ್ಕೂ ಇರುತ್ತದೆ, ಮರಳಿನ ಜೊತೆ ಬೇರ್ಪಡಿಸಲಾಗದ ಹಾಗೆ ಬೆರೆತಿರುತ್ತದೆ. ಇಂಥ ಮುರಿದ ಕಲ್ಲನ್ನು ಪುನಃ ಕರಗಿಸಿ ಅದೇ ಕಲ್ಲು ಮಾಡಬಹುದು, ಹಳೆಯ ಟಾರನ್ನೂ ಕೆರೆದು ಮತ್ತೆ ಬಳಸಬಹುದು. ಅದಕ್ಕೆ ಅವನ್ನು ಕಾರ್ಖಾನೆಗೆ ವಾಪಸ್ ತರುವವರು ಬೇಕು. ರಸ್ತೆಯ ನೀರು ಹರಿದುಹೋಗಲು ಚರಂಡಿಯನ್ನೂ ಸರಿಯಾಗಿ ಕಟ್ಟದ ಕಡೆ, ಹೊಂಡ ಬೀಳದಿರಲು ಪ್ಲಾಸ್ಟಿಕ್ ಹಾಕಿದ್ದೇವೆ ಎಂದು ಹೇಳಿಕೊಳ್ಳುವುದರಲ್ಲೂ ಹುರುಳಿಲ್ಲ. ನಿಂತ ನೀರಿನಡಿ ಯಾವ ಮಿಶ್ರಣವೂ ಬಹುಕಾಲ ಬಾಳುವುದಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಸ್ಪಷ್ಟ. ಟಾರು ರಸ್ತೆಯಲ್ಲಿ ಪ್ಲಾಸ್ಟಿಕ್ ಬಳಕೆಯನ್ನು ಸರ್ಕಾರ ಮನಸ್ಸಿಟ್ಟು ಜಾರಿ ಮಾಡಲಿ. ರಾಜ್ಯ ಹೆದ್ದಾರಿಗೆ, ಜಿಲ್ಲಾ ರಸ್ತೆಗೆ, ಊರೊಳಗಿನ ಡಾಂಬರು ರಸ್ತೆಗೂ ಅದು ಬರಲಿ. ಪ್ಲಾಂಟಿನ ಕಾರ್ಮಿಕರಿಗೆ ಮಾಸ್ಕು, ಉಷ್ಣತೆ ಅಳೆಯುವ ಮೀಟರು, ಪಿವಿಸಿ ಬಾರದಂತೆ ನೋಡುವ ತಪಾಸಣೆ ಕಡ್ಡಾಯವಾಗಲಿ. ಪ್ಲಾಸ್ಟಿಕ್ ಇಂಟರ್‌ಲಾಕ್ ಕಲ್ಲನ್ನು ಸದ್ಯಕ್ಕೆ ವಾಹನ ಓಡುವ ಯಾವ ಜಾಗಕ್ಕೂ ಹಾಸುವುದು ಬೇಡ. ನೆರಳಿರುವ ಉದ್ಯಾನದ ಕಾಲುದಾರಿಯಲ್ಲಿ, ಬಸ್ ನಿಲ್ದಾಣದ ಸೂರಿನಡಿ ಹಾಸಿ ಕೆಲವು ಮಳೆಗಾಲ, ಕೆಲವು ಬೇಸಿಗೆ ನೋಡೋಣ. ಸವೆತವನ್ನೂ ಕೆಳಗಿಳಿದ ನೀರನ್ನೂ ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ಅಳೆಯಲಿ. ಜಿಲ್ಲೆಗೊಂದು ಎಂಬಷ್ಟು ಕಾಲೇಜುಗಳಿವೆ, ಪ್ರಾಜೆಕ್ಟಿಗೆ ವಿಷಯ ಹುಡುಕುವ ಮಕ್ಕಳಿದ್ದಾರೆ. ಬೆಂಗಳೂರು ವಿಶ್ವವಿದ್ಯಾಲಯದ ಆ ಪ್ರಾಧ್ಯಾಪಕರು 2002ರಲ್ಲಿ ಟಾರಿಗೆ ಮಾಡಿದ್ದನ್ನು ಕಲ್ಲಿಗೂ ಯಾರಾದರೂ ಮಾಡಬೇಕು.

ಹಣದ ವಿಷಯದಲ್ಲಿ ಎರಡು ಷರತ್ತು ಟೆಂಡರಿನಲ್ಲೇ ಬರಲಿ. ಒಂದು, ಪ್ಲಾಸ್ಟಿಕ್ ಕಲ್ಲು ಮಾರಿದವರು ಅದು ಮುರಿದಾಗ, ಅಗೆದು ತೆಗೆದಾಗ ತಾವೇ ವಾಪಸ್ ಒಯ್ಯಬೇಕು, ಅಲ್ಲಿಯವರೆಗೆ ಅವರ ಠೇವಣಿ ಪಂಚಾಯಿತಿ ಅಥವಾ ಪಾಲಿಕೆಯ ಬಳಿ ಇರಬೇಕು. ಎರಡು, ರಸ್ತೆಗೆ ಹಾಕುವ ಪ್ಲಾಸ್ಟಿಕ್ಕನ್ನು ಗುತ್ತಿಗೆದಾರರು ಆ ತಾಲ್ಲೂಕಿನ ಸ್ವಚ್ಛ ಸಂಕೀರ್ಣ ಅಥವಾ ಆ ವಾರ್ಡಿನ ಒಣಕಸ ಕೇಂದ್ರದಿಂದ ತೂಕ ಹಾಕಿಸಿ ಕೊಳ್ಳಬೇಕು. ಲೋಕೋಪಯೋಗಿ ಇಲಾಖೆಯ ದರಪಟ್ಟಿಯಲ್ಲಿ ಜಲ್ಲಿ, ಟಾರಿನ ಜೊತೆಗೇ ಅದಕ್ಕೂ ಕೆಜಿ ದರ ಇರಲಿ. ಕೇಂದ್ರದ ರಸೀದಿ ಲಗತ್ತಿಸದೆ ಬಿಲ್ ಪಾಸಾಗಬಾರದು, ಆ ದುಡ್ಡು ಸಂಘದ ಖಾತೆಗೆ ನೇರವಾಗಿ ಜಮೆಯಾಗಬೇಕು.